ಏಳನೇ ಕೊಠಡಿಯ ಡ್ರಾಯರಿನಲ್ಲಿ ಇನ್ನೂ ಹನ್ನೊಂದು ಲಕೋಟೆಗಳಿವೆ

ಆಸ್ಪತ್ರೆಯ ಅಧೀಕ್ಷಕರೇ,

ನನ್ನ ತಂಗಿಯ ಎದೆಯ ಗಂಟಿನ ಪರೀಕ್ಷಾ ವರದಿ ಐದು ತಿಂಗಳು ನಿಮ್ಮ ಆಸ್ಪತ್ರೆಯ ಏಳನೇ ಕೊಠಡಿಯ ಡ್ರಾಯರಿನಲ್ಲಿ ಬಿದ್ದಿತ್ತು. ಗಂಟು ಕ್ಯಾನ್ಸರಿನದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೇಳಲು ಹೋದ ಎರಡೂ ಸಲ ನಿಮ್ಮ ಸಿಬ್ಬಂದಿ ಅವಳಿಗೆ ಏನೂ ಇಲ್ಲವೆಂದು ಹೇಳಿ ಮನೆಗೆ ಕಳುಹಿಸಿದರು. ‘ಮಾನ್ಯರೇ’ ಎಂದು ಆರಂಭಿಸುವುದು ವಾಡಿಕೆ. ಬರೆಯಲು ಕೈ ಬರಲಿಲ್ಲ.

ನನ್ನ ದೂರಿಗೆ ನಿಮ್ಮ ಕಚೇರಿ ಉತ್ತರ ಕೊಟ್ಟಿದೆ: “ಸದರಿ ವರದಿಯು ಕಳೆದುಹೋಗಿರುವುದಿಲ್ಲ; ನಿಗದಿತ ಸ್ಥಳದಲ್ಲಿ ಸುರಕ್ಷಿತವಾಗಿಯೇ ಇತ್ತು.” ಓದಿ ಬಹಳ ಸಮಾಧಾನವಾಯಿತು. ನಿಜ, ಅದರ ಒಂದು ಅಂಚೂ ಮಡಚಿರಲಿಲ್ಲ, ಅದಕ್ಕೊಂದು ಕಲೆಯೂ ಆಗಿರಲಿಲ್ಲ. ವರದಿಯ ಆರೋಗ್ಯವನ್ನು ಇಷ್ಟು ಚೆನ್ನಾಗಿ ನೋಡಿಕೊಂಡವರೇ, ರೋಗಿಯ ಆರೋಗ್ಯ ನಿಮ್ಮಲ್ಲಿ ಯಾವ ವಿಭಾಗಕ್ಕೆ ಬರುತ್ತದೆ?

ಆ ‘ನಿಗದಿತ ಸ್ಥಳ’ದ ಕತೆ ಊರಿಗೂ ತಿಳಿಯಲಿ. ನಿಮ್ಮಲ್ಲೊಂದು ಪದ್ಧತಿಯಿದೆ. ಒಳ್ಳೆಯ ವರದಿಗಳು ಕೆಳಗಿನ ಕಿಟಕಿಗೆ ಹೋಗುತ್ತವೆ, ಚೀಟಿ ತೋರಿಸಿದವರ ಕೈ ಸೇರುತ್ತವೆ. ಕೆಟ್ಟ ವರದಿಗಳು ಏಳನೇ ಕೊಠಡಿಯ ಮೇಜಿನ ಡ್ರಾಯರಿಗೆ. ಅಂಥ ಸುದ್ದಿಯನ್ನು ಯಾರೂ ಕಿಟಕಿಯ ಮುಂದೆ, ಸಾಲಿನಲ್ಲಿ ನಿಂತು ಓದಬಾರದು, ವೈದ್ಯರೇ ಕೂರಿಸಿ ಹೇಳಬೇಕು ಎಂದು ಹಿಂದೊಬ್ಬ ವೈದ್ಯರು ಇದನ್ನು ತಂದರಂತೆ. ಒಳ್ಳೆಯ ಮನಸ್ಸಿನವರಿರಬೇಕು. ಅವರು ವರ್ಗವಾಗಿ ಹೋದರು. ಹೊಸ ವೈದ್ಯರು ಅದೇ ಕೊಠಡಿಯಲ್ಲಿ ಹೊಸ ಮೇಜಿನ ಮುಂದೆ ಕುಳಿತರು. ಹಳೆಯ ಮೇಜು ಬೀಗ ಹಾಕಿಕೊಂಡು ಮೂಲೆಗೆ ಸರಿಯಿತು. ಪ್ರಯೋಗಾಲಯದವರು ಮಾತ್ರ ರೂಢಿ ತಪ್ಪಿಸದೆ ಡ್ರಾಯರಿನ ಮೇಲಿನ ಸಂದಿಯಿಂದ ಲಕೋಟೆಗಳನ್ನು ಒಳಗೆ ತೂರಿಸುತ್ತಲೇ ಇದ್ದರು!

ತಂಗಿ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನ ಪಾಳಿ ಮುಗಿಸಿ, ತೋಳಿನ ಹಿಟ್ಟನ್ನೂ ಪೂರ್ತಿ ತೊಳೆಯದೆ ನಿಮ್ಮ ಕಿಟಕಿಗೆ ಓಡುತ್ತಿದ್ದಳು. ಎರಡನೇ ಸಲ ನಾನೂ ಜೊತೆಗಿದ್ದೆ.

“ನಿಮ್ಮದು ಬಂದಿಲ್ಲಮ್ಮ. ಏನಾದ್ರೂ ಇದ್ರೆ ಡಾಕ್ಟ್ರೇ ಕರೀತಾರೆ. ಕರೀಲಿಲ್ಲ ಅಂದ್ರೆ ಚೆನ್ನಾಗಿದ್ದೀರ ಅಂತ ತಾನೇ?” ಎಂದರು ಗುಮಾಸ್ತರು, ನಗುತ್ತಲೇ.

ಮೂರನೇ ಸಲ ಹೊರಟಾಗ ಅವಳನ್ನು ತಡೆದವಳು ನಾನು. “ಅಕ್ಕ, ಒಂದೇ ಒಂದ್ಸಲ ಕೇಳ್ಕೊಂಡು ಬಂದ್ಬಿಡ್ತೀನಿ” ಎಂದಳು. “ಸುಮ್ನಿರೇ, ಇಲ್ಲದ ಕಾಯಿಲೆ ಹುಡುಕ್ಕೊಂಡು ಹೋಗ್ಬೇಡ” ಎಂದು ಬೈದೆ. ಅವಳು ಚಪ್ಪಲಿ ಬಿಚ್ಚಿ ಒಳಗೆ ಬಂದಳು. ನಿಮ್ಮ ಮೇಲಿನ ಸಿಟ್ಟು ಒಂದಾದರೆ, ಆ ಮಾತಿಗಾಗಿ ನನ್ನ ಮೇಲೆ ನನಗಿರುವ ಸಿಟ್ಟು ಎರಡು. ಹೊಲಿಗೆ ಯಂತ್ರದ ಮುಂದೆ ಕುಳಿತರೆ ಕಾಲು ತುಳಿಯುವುದಿಲ್ಲ, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ.

ನಾನು ದರ್ಜಿ. ನನ್ನ ಅಂಗಡಿಗೆ ಬಂದ ಪ್ರತಿ ಬಟ್ಟೆಗೂ ಚೀಟಿ ಚುಚ್ಚುತ್ತೇನೆ. ಹೇಳಿದ ದಿನ ಯಾರೂ ಬರದಿದ್ದರೆ ಫೋನ್ ಮಾಡುತ್ತೇನೆ. ಬಟ್ಟೆ ಸಿದ್ಧವಾಗಿಲ್ಲವೆಂದರೆ ಸಿದ್ಧವಾಗಿಲ್ಲ ಎನ್ನುತ್ತೇನೆಯೇ ಹೊರತು, ‘ನೀವು ಈಗ ಹಾಕಿಕೊಂಡಿರುವುದೇ ಚೆನ್ನಾಗಿದೆ, ಹೋಗಿ’ ಎನ್ನುವುದಿಲ್ಲ. ಒಂದು ಅಂಗಿಗೆ ಸಿಗುವ ಕಾಳಜಿ ಒಂದು ಜೀವಕ್ಕೆ ಸಿಗಬಾರದೇ?

ಕೊನೆಗೆ ಗಂಟು ದೊಡ್ಡದಾಗಿ ಅವಳಿಗೆ ತೋಳೆತ್ತಲು ಆಗದಾದಾಗ ನಾನೇ ಏಳನೇ ಕೊಠಡಿಗೆ ನುಗ್ಗಿ, ವರದಿ ಸಿಗದೆ ಜಾಗ ಬಿಡುವುದಿಲ್ಲವೆಂದು ಕುಳಿತೆ. ಹಿರಿಯ ದಾದಿಯೊಬ್ಬರು ಎಲ್ಲಿಂದಲೋ ಬೀಗದ ಕೈ ತಂದು ಹಳೆಯ ಡ್ರಾಯರ್ ಎಳೆದರು. ಒಳಗೆ ಹನ್ನೆರಡು ಲಕೋಟೆಗಳಿದ್ದವು. “ಅಯ್ಯೋ ದೇವರೇ, ಇದನ್ಯಾರೂ ನೋಡೇ ಇಲ್ವಲ್ಲ” ಎಂದರು. ನನ್ನ ತಂಗಿಯದನ್ನು ಕೈಗಿಟ್ಟರು. ಅಷ್ಟರಲ್ಲಿ ನಿಮ್ಮ ಕಚೇರಿಯವರು ಬಂದು, ವಿಚಾರಣೆ ಮುಗಿಯುವವರೆಗೆ ಏನನ್ನೂ ಮುಟ್ಟಬಾರದೆಂದು ಉಳಿದವನ್ನು ಒಳಗಿಟ್ಟು ಮತ್ತೆ ಬೀಗ ಹಾಕಿದರು. ಇದಾಗಿ ಒಂಬತ್ತು ದಿನವಾಯಿತು.

ತಂಗಿಗೆ ಚಿಕಿತ್ಸೆ ಬೇರೆಡೆ ಶುರುವಾಗಿದೆ. “ಮೊದ್ಲೇ ಬಂದಿದ್ರೆ ಧೈರ್ಯವಾಗಿ ಹೇಳ್ತಿದ್ದೆ. ಈಗ ನೋಡೋಣ” ಎಂದಿದ್ದಾರೆ ಅಲ್ಲಿಯ ವೈದ್ಯೆ. ಆ ‘ನೋಡೋಣ’ದಲ್ಲಿ ನಾವಿಬ್ಬರೂ ದಿನ ದೂಡುತ್ತಿದ್ದೇವೆ. ಆದರೂ ಮೊನ್ನೆ ಹಾಸಿಗೆಯಿಂದಲೇ ಅವಳು ಕೇಳಿದ್ದು ಬೇರೆಯೇ: “ಅಕ್ಕ, ಮಿಕ್ಕ ಹನ್ನೊಂದು ಜನಕ್ಕೆ ಯಾರಾದ್ರೂ ಹೇಳಿದ್ರಾ?”

ಅಂದು ಉಳಿದವುಗಳಲ್ಲಿ ಮೇಲಿದ್ದ ಲಕೋಟೆಯ ಬರಹ ನನ್ನ ಕಣ್ಣಿಗೆ ಬಿದ್ದಿತ್ತು: ಹೆಣ್ಣು, ಇಪ್ಪತ್ತಾರು ವರ್ಷ, ಬಸ್ ನಿಲ್ದಾಣದ ಹಿಂದಿನ ಬೀದಿ. ಹೆಸರನ್ನೂ ಮನೆ ಸಂಖ್ಯೆಯನ್ನೂ ದಾದಿಯ ಬೆರಳು ಮುಚ್ಚಿತ್ತು. ಮೂರು ದಿನದಿಂದ ಅಂಗಡಿ ಮುಚ್ಚಿ ಆ ಬೀದಿಯ ಬಾಗಿಲು ಬಡಿಯುತ್ತಿದ್ದೇನೆ. “ನಿಮ್ಮನೇಲಿ ಯಾರಾದ್ರೂ ಪರೀಕ್ಷೆ ಮಾಡಿಸಿದ್ರಾ?” ಎಂದರೆ ಕೆಲವರು ಬೈಯುತ್ತಾರೆ, ಕೆಲವರು ನೀರು ಕೊಡುತ್ತಾರೆ. ಅವಳು ಇನ್ನೂ ಸಿಕ್ಕಿಲ್ಲ.

ಯಾರನ್ನು ಅಮಾನತು ಮಾಡುತ್ತೀರೋ, ವಿಚಾರಣೆ ಎಷ್ಟು ವರ್ಷ ನಡೆಸುತ್ತೀರೋ, ಅದೆಲ್ಲ ಆಮೇಲೆ. ಇಂದೇ ಡ್ರಾಯರ್ ತೆರೆಯಿರಿ. ಹನ್ನೊಂದು ಮನೆಗೂ ಇಂದೇ ವೈದ್ಯರನ್ನು ಕಳುಹಿಸಿ. ಅದಾಗದಿದ್ದರೆ ಆ ಬೀದಿಯ ಮನೆ ಸಂಖ್ಯೆಯನ್ನಾದರೂ ನನಗೆ ಕೊಡಿ. ಎಡಗಡೆಯ ಸಾಲು ಮುಗಿದಿದೆ, ನಾಳೆ ಬೆಳಿಗ್ಗೆಯಿಂದ ಬಲಗಡೆಯದು.

ಇಂತಿ,
ತಂಗಿಯನ್ನು ಮೂರನೇ ಸಲ ಕೇಳಲು ಬಿಡದ
ಒಬ್ಬ ಅಕ್ಕ