ಕೆರೆ ಪದ್ಯದ ಆಶಯ

ಫೆಬ್ರವರಿ 3
ಮಾತ್ರೆ ಕೊಟ್ಟಾಯಿತು. ಶರ್ಟಿನ ಗುಂಡಿ ಇವತ್ತೂ ನಾನೇ ಹಾಕಿದೆ. ‘ನಿಮಗೆ ತೊಂದ್ರೆ ಆಯ್ತು’ ಎಂದರು. ನಿಮಗೆ! ಕಟ್ಟಿಕೊಂಡ ಹೆಂಡತಿಗೆ ಬಹುವಚನ. ಮರೆವಿನ ಕಾಯಿಲೆ ಮರ್ಯಾದೆಯನ್ನಾದರೂ ಕಲಿಸಿತು.

ಸಂಜೆ ಮಹಡಿ ಮನೆಯ ಹುಡುಗಿ ಬಂದಿದ್ದಳು. ಹತ್ತನೇ ಕ್ಲಾಸು. ಇವರು ಬರೆದ ಕೆರೆ ಪದ್ಯ ಈ ವರ್ಷ ಪಠ್ಯದಲ್ಲಿದೆ. ‘ಆಶಯ ಬರೆಯಿರಿ’ — ನಾಲ್ಕು ಮಾರ್ಕ್ಸು.
‘ಗೈಡಲ್ಲಿ ಪ್ರಕೃತಿ ಸೌಂದರ್ಯ ಅಂತಿದೆ ಅಜ್ಜಿ. ತಾತನ್ನೇ ಕೇಳಿಬಿಡೋಣ ಅಂತ ಬಂದೆ.’
ಇವರು ಮಲಗಿದ್ದರು. ನಾಳೆ ಬಾ ಎಂದೆ.

ಫೆಬ್ರವರಿ 4, ಬೆಳಿಗ್ಗೆ
ಪಾತ್ರೆ ತೊಳೆಯುವಾಗಲೂ ಅದೇ ತಲೆಯಲ್ಲಿ. ನಮ್ಮ ಪಾಪು ಜ್ವರದಲ್ಲಿ ತೀರಿಕೊಂಡ ವರ್ಷ ಬರೆದ ಪದ್ಯ. ಇನ್ನೂ ನಡೆಯಲೂ ಬರುತ್ತಿರಲಿಲ್ಲ ಅವಳಿಗೆ. ಆಮೇಲೆ ಈ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತಲಿಲ್ಲ. ನಾನು ಅಡುಗೆಮನೆಯಲ್ಲಿ ಅತ್ತುಕೊಂಡೆ, ಇವರು ಕೋಣೆಯ ಬಾಗಿಲು ಹಾಕಿಕೊಂಡರು. ಪದ್ಯ ಅಚ್ಚಾದಾಗ ಒಂದೇ ಸಲ ಕೇಳಿದ್ದೆ — ‘ಇದು ಪಾಪು ಬಗ್ಗೆನಾ?’
‘ಇಲ್ಲ ಕಣೇ, ಕೆರೆ ಬಗ್ಗೆ.’ ಪೇಪರ್ ಮಡಿಸಿಟ್ಟರು.
ಮಗು ನನ್ನೊಬ್ಬಳದೇ ಆಗಿತ್ತಾ? ಎಲ್ಲ ಮರೆತುಹೋಗುವ ಮುಂಚೆ ಒಂದು ಸಲ ಇವರ ಬಾಯಿಂದ ಕೇಳಬೇಕು. ಅಷ್ಟೇ ಆಸೆ.

ಅದೇ ದಿನ, ಸಂಜೆ
ಹುಡುಗಿ ಕೇಳಿದಳು. ಇವರು ಗೈಡು ಇಸಕೊಂಡು ಓದಿ, ‘ಸರಿಯಾಗೇ ಇದೆಯಲ್ಲ, ಇದನ್ನೇ ಬರಿ’ ಎಂದರು. ಅವಳು ಕುಣಿಯುತ್ತಾ ಹೋದಳು. ನನಗೆ ಮೈಯೆಲ್ಲ ಉರಿ. ಊಟ ಬಡಿಸಿದೆ, ಸೌಟು ಕುಕ್ಕಿ ಕುಕ್ಕಿ.

ಫೆಬ್ರವರಿ 27
ಬರೆಯಲು ಆಗಿರಲಿಲ್ಲ. ಇವರು ಬಚ್ಚಲಲ್ಲಿ ಬಿದ್ದರು. ಆಸ್ಪತ್ರೆ, ಮತ್ತೆ ಮನೆ. ಈಗ ತಮ್ಮ ಹೆಸರೂ ನೆನಪಿಲ್ಲ. ‘ಇನ್ನು ಹೀಗೇ ಅಮ್ಮಾ’ ಎಂದರು ಡಾಕ್ಟರು.
ಕೇಳುವ ಕಾಲ ಮುಗಿಯಿತು.

ಮಾರ್ಚ್ 12, ಮಧ್ಯಾಹ್ನ
ಪರೀಕ್ಷೆ ಹತ್ತಿರ. ಮಹಡಿ ಮನೆಯಲ್ಲಿ ನೆಂಟರ ಗಲಾಟೆಯಂತೆ, ಹುಡುಗಿ ನಮ್ಮ ಹಾಲಿನಲ್ಲೇ ಕೂತು ಬಾಯಿಪಾಠ ಮಾಡುತ್ತಿದ್ದಳು. ‘ಗಾಳಿಯಿಲ್ಲ, ಆದರೂ ಕೆರೆ ತೂಗುತ್ತಲೇ ಇದೆ, ಮಲಗಿದವರು ಯಾರೂ ಇಲ್ಲ...’
ಕುರ್ಚಿಯಲ್ಲಿದ್ದ ಇವರು ತಲೆ ಎತ್ತಿದರು. ‘ಇನ್ನೊಂದ್ಸಲ ಓದಮ್ಮ.’
ಓದಿದಳು.
‘ಯಾರು ಬರೆದಿದ್ದು?’
ಅವಳು ನನ್ನ ಮುಖ ನೋಡಿದಳು. ‘ಯಾರೋ ಒಬ್ಬರು’ ಎಂದೆ.
‘ಪಾಪ, ಮಗು ಕಳಕೊಂಡಿದಾನೆ. ಗಾಳಿ ಇಲ್ದೆ ಕೆರೆ ಯಾಕೆ ತೂಗತ್ತೆ? ಖಾಲಿ ತೊಟ್ಟಿಲು ತೂಗ್ತಾ ಕೂತಿದಾನೆ. ಕೈ ನಿಲ್ಸೋಕೆ ಆಗ್ತಿಲ್ಲ.’
‘ಗೈಡಲ್ಲಿ ಹಾಗಿಲ್ಲ ತಾತ...’
‘ಹರಿದು ಬಿಸಾಕು.’
ನಾನು ಇವರ ಪಕ್ಕದಲ್ಲಿ ಕೂತುಬಿಟ್ಟೆ. ಇವರು ನನ್ನತ್ತ ಬಾಗಿ ಮೆಲ್ಲಗೆ, ‘ಹೆಂಡ್ತಿ ಹತ್ರ ಹೇಳಿದ್ನೋ ಇಲ್ವೋ. ನಿಮಗೇನಾದ್ರೂ ಗೊತ್ತಾ?’
‘ಹೇಳಿದಾರೆ’ ಎಂದೆ.
‘ಸದ್ಯ.’ ಕುರ್ಚಿಗೆ ಒರಗಿದರು. ‘ಮಗು ಹೆಸರೇನಂತೆ?’
ಹೇಳಿದೆ. ಎಷ್ಟು ವರ್ಷದ ಮೇಲೆ ಈ ಮನೆಯಲ್ಲಿ ಆ ಹೆಸರು —