ಎಬೋನ ತಟ್ಟೆ

ಮೋರೀ ಊರು, ಶನಿವಾರ

ಅನ್ಸಾ ಮೇಡಂ ಅವರಿಗೆ,

ನಂಬಿಕೆ ನಿಜವಾಗುವುದು ಯಾವುದರಿಂದ ಎಂಬ ಪ್ರಬಂಧಕ್ಕೆ ಇನ್ನೊಂದು ವಾರ ಕೊಡಿ. ಮಂಗಳವಾರ ಕಡಲದೇವರ ದಿನವೆಂದು ನಮ್ಮೂರಲ್ಲಿ ಯಾರೂ ಮೀನಿಗೆ ಕಡಲಿಗಿಳಿಯುವುದಿಲ್ಲ. ಈ ಮಂಗಳವಾರ ಅಣ್ಣ ಎಬೋ ಇಳಿದ. ದೋಣಿ ಮಾತ್ರ ದಡಕ್ಕೆ ಬಂತು.

ವಾಸ್ತವಕ್ಕೆ ಹೊಂದುವುದೇ ನಿಜ ಎಂದು ಬರೆಯೋಣವೆಂದರೆ ಹೆಣ ಸಿಕ್ಕಿಲ್ಲ. ಉಳಿದ ನಂಬಿಕೆಗಳ ಜೊತೆ ಹೊಂದುವುದೇ ನಿಜ ಎನ್ನುವವರು ನಮ್ಮ ಹಿರಿಯರು. "ಮಂಗಳವಾರ ಹೋದವನು ಎಲ್ಲಿ ಬರ್ತಾನಮ್ಮ" ಅಂತ ಸೂತಕದ ಕೆಂಪು ಬಟ್ಟೆ ತಂದಿಟ್ಟಿದ್ದಾರೆ. ಬದುಕಲು ಒದಗುವುದೇ ನಿಜ ಎಂಬುದು ಅಮ್ಮನ ಪಕ್ಷ. ದಿನಾ ರಾತ್ರಿ ಅವನ ತಟ್ಟೆಗೆ ಜೋಳದ ಹಿಟ್ಟಿನ ಕೆಂಕಿ ಉಂಡೆ, ಹುರಿದ ಮೀನು ಬಡಿಸಿಟ್ಟ ಮೇಲೇ ಅವಳು ಉಣ್ಣುವುದು.

ಬೆಳಿಗ್ಗೆ ಅವಳು ನೀರು ತರಲು ಹೋದಾಗ ನಾನದನ್ನು ತಿಂದುಬಿಡುತ್ತೇನೆ. ಬಂದವಳು ಖಾಲಿ ತಟ್ಟೆ ನೋಡಿ, "ಉಂಡು ಹೋಗಿದಾನೆ ಕಣೇ" ಅಂತಾಳೆ. ತಟ್ಟೆ ಖಾಲಿ ಇರುವುದಂತೂ ವಾಸ್ತವ. ಇದನ್ನು ಯಾವ ಸಿದ್ಧಾಂತದಡಿ ಬರೆಯಲಿ, ತಿಳಿಸಿ.

ನಿಮ್ಮ ವಿದ್ಯಾರ್ಥಿನಿ,
ಅರಾಬಾ