ಗೋಡೆಯಾಚೆಯ ದಣಿ

ದಾವಣಗೆರೆ, ಭಟ್ಟಿಸಾಲು
ಕಾಯ್ಮಾಸದ ಮೂವತ್ತೊಂಬತ್ತನೇ ದಿನ, ಇಸವಿ ೨೧೭೯

ಹಿಂದಿನವರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಫಾಲ್ಗುಣಕ್ಕೂ ಚೈತ್ರಕ್ಕೂ ನಡುವೆ ನಮಗೊಂದು ಹದಿಮೂರನೇ ತಿಂಗಳಿದೆ. ವಿಮೆ ಕಂಪನಿಗಳು ಸರ್ಕಾರದಿಂದ ಕೇಳಿ ಪಡೆದದ್ದು. ಈ ತಿಂಗಳಲ್ಲಿ ಬಂದ ಕಾಯಿಲೆಗೆ ಯಾರೂ ಹೊಣೆಯಲ್ಲ. ಸುಮ್ಮನೆ ಕಾಯಬೇಕು, ಅದಕ್ಕೇ ಕಾಯ್ಮಾಸ. ಅದು ಎಷ್ಟು ದಿನದ್ದೆಂದು ಅವರೇ ವರ್ಷವರ್ಷವೂ ತಿಳಿಸುತ್ತಾರೆ. ಇಂಥ ಇನ್ನೂ ಕೆಲವು ಮಾತುಗಳು ನಿಮ್ಮ ನಾಲಿಗೆಗೆ ತೊಡರಬಹುದು. ಕ್ಷಮಿಸಿ ಎನ್ನುವುದು ರೂಢಿ, ಆದ್ದರಿಂದ ಕ್ಷಮಿಸಿ. ನನ್ನ ವಿನಯ ಇಲ್ಲಿಗೆ ಮುಗಿಯಿತು.

ನಿಮ್ಮನ್ನು ನಾನು ಚೆನ್ನಾಗಿ ಬಲ್ಲೆ. ಆಫೀಸಿನವರು ಕೊಟ್ಟ ಕಾರ್ಡು ಜೇಬಿನಲ್ಲಿದ್ದಷ್ಟು ದಿನ, ಕಾರ್ಡಿಲ್ಲದ ಪಕ್ಕದ ಮನೆಯವನನ್ನು ಕಂಡು ನೀವು ಲೊಚಗುಟ್ಟಿದಿರಿ, ಅಷ್ಟೆ. ಆಮೇಲೆ ಒಂದು ದಿನ ಕೆಲಸ ಹೋಯಿತು, ಕಾರ್ಡೂ ಹೋಯಿತು. ಫೋನು ಹಿಡಿದು ಕಂಪನಿಯಿಂದ ಕಂಪನಿಗೆ ಅಲೆದಿರಿ. ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, ಶುಗರ್ ಇದೆಯಾ ಸರ್, ಬಿಪಿ ಇದೆಯಾ ಸರ್, ತಂದೆಯವರು ಯಾವುದರಿಂದ ಹೋದರು ಸರ್ ಎಂದಳು. ನೀವು ಒಂದೊಂದು ಸಲ ಹೌದೆಂದಾಗಲೂ ಕಂತು ಒಂದೊಂದು ಮೆಟ್ಟಿಲು ಏರಿತು. ಇರುವ ಕಾಯಿಲೆಗೆ ಮೂರು ವರ್ಷ ಕಾಯಬೇಕು, ಬಾರದ ಕಾಯಿಲೆಗೆ ಈಗಿನಿಂದಲೇ ರಕ್ಷಣೆ ಉಂಟು ಎಂಬ ಸಮಾಧಾನವೂ ಸಿಕ್ಕಿತು. ಆಗ ಯಾವನೋ ಜಾಣ ನಿಮಗೆ ಉಪಾಯ ಹೇಳಿಕೊಟ್ಟ: ಹಾರ್ಡ್‌ವೇರ್ ಅಂಗಡಿ ಇಟ್ಟ ಗೆಳೆಯನಲ್ಲಿ ನೀನೂ ನೌಕರ ಎಂದು ಹೆಸರು ಸೇರಿಸು, ಗುಂಪು ವಿಮೆ ಅಗ್ಗಕ್ಕೆ ಸಿಗುತ್ತದೆ. ನೀವು ಸೇರಿಸಿದಿರಿ, ಬಚಾವಾದಿರಿ, ಬಾಯಿ ಮುಚ್ಚಿಕೊಂಡಿರಿ. ನೀವು ದಾರಿ ಕೇಳಲಿಲ್ಲ, ಬೇಲಿಯಲ್ಲಿ ಕಂಡಿ ಹುಡುಕಿದಿರಿ. ಆ ಕಂಡಿಯಲ್ಲಿ ಈಗ ನಮ್ಮ ಊರಿಗೆ ಊರೇ ತೂರಬೇಕಾಗಿದೆ.

ನಮ್ಮಲ್ಲಿ ಕೆಲಸ ಕೊಟ್ಟ ದಣಿಯಿಲ್ಲದವನಿಗೆ ವಿಮೆಯನ್ನು ಮಾರುವುದೇ ಇಲ್ಲ. ‘ದಣಿಯಿದ್ದರೆ ದವಾಖಾನೆ, ಇಲ್ಲದಿದ್ದರೆ ಮಣ್ಣಿನ ಕೋಣೆ’ ಎಂದು ಗೋಡೆಗೋಡೆಯ ಮೇಲೂ ಇದೆ. ಬರೆದವನು ನಾನೇ. ಬೋರ್ಡು ಬರೆಯುವುದು ನನ್ನ ಕಸುಬು, ಪ್ರಾಸ ನನ್ನ ಚಟ. ಊರಿನ ಮುಕ್ಕಾಲು ಜನಕ್ಕೆ ದಣಿಗಳಿಲ್ಲದ ಕಾರಣ ನಾವು ಒಬ್ಬರನ್ನೊಬ್ಬರು ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ. ಇದಕ್ಕೆ ಎದುರುದಣಿ ಪದ್ಧತಿ ಎಂದು ಹೆಸರು. ಗೋಡೆಯಾಚೆ ಮಂಡಕ್ಕಿ ಭಟ್ಟಿ ನಡೆಸುವ ಹಾಲಮ್ಮ ನನ್ನ ದಣಿ. ನಾನು ಹಾಲಮ್ಮನ ದಣಿ. ಆಳಿನ ಮನೆಮಂದಿಯೂ ಅದೇ ವಿಮೆಯಲ್ಲಿ ಸೇರುತ್ತಾರೆ. ಕಂಪನಿಗಳಿಗೆ ಇದು ತಿಳಿಯದೆ ಏನಿಲ್ಲ. ಅದಕ್ಕೆಂದೇ ಅವರು ಮುನಿಸುಗಾರರನ್ನು ಇಟ್ಟಿದ್ದಾರೆ. ನಿಜವಾದ ದಣಿಗೆ ಆಳನ್ನು ಕಂಡರೆ ತಾತ್ಸಾರ, ನಿಜವಾದ ಆಳಿಗೆ ದಣಿಯನ್ನು ಕಂಡರೆ ಸಿಟ್ಟು ಇರಲೇಬೇಕು ಎಂಬುದು ಅವರ ಶಾಸ್ತ್ರ. ಅವರು ಹೇಳದೆ ಕೇಳದೆ ಬಂದು, ಕಿವಿಪೆಟ್ಟಿಗೆ ಎಂಬ ಯಂತ್ರವನ್ನು ಹೊಸ್ತಿಲ ಮೇಲಿಟ್ಟು, ನಮ್ಮ ದನಿಯ ಬಿಸಿಯನ್ನು ಅಳೆಯುತ್ತಾರೆ. ಅಕ್ಕರೆ ಕಂಡರೆ ಮೋಸದ ಕೇಸು.

ಹೀಗಾಗಿ ನಮ್ಮ ಬೀದಿಯಲ್ಲಿ ಬೆಳಗಾಗುವುದು ಬೈಗುಳದಿಂದ. ಅಂಗಳ ಸಾರಿಸಿ ರಂಗೋಲಿ ಇಟ್ಟ ಮೇಲೆ ಹೆಂಗಸರು ಸೊಂಟಕ್ಕೆ ಕೈಯಿಟ್ಟು ಶುರುಮಾಡುತ್ತಾರೆ. ಶಾಲೆಯಲ್ಲಿ ಮಗ್ಗಿಯಾದ ಮೇಲೆ ಬಯ್ಯುವ ಪಾಠ. ಚೆನ್ನಾಗಿ ಬೈದ ಮಕ್ಕಳಿಗೆ ಬಹುಮಾನವಾಗಿ ಯಾರೂ ಶಭಾಷ್ ಎನ್ನುವುದಿಲ್ಲ. ಆದರೂ ಜನ ಜನರೇ. ನನ್ನ ಹೆಂಡತಿ ನೀಲಗಂಗಳ ಎದೆಯ ಕವಾಟ ಕೆಟ್ಟು, ಎರಡು ಹೆಜ್ಜೆಗೊಮ್ಮೆ ಉಬ್ಬಸ ಬಂದು ಕುಳಿತುಕೊಳ್ಳತೊಡಗಿದಾಗಿನಿಂದ, ಗೋಡೆಯಾಚೆಯಿಂದ ದಿನವೂ ಒಂದು ಪೊಟ್ಟಣ ಹಾರಿ ಬರುತ್ತಿತ್ತು. ಹಿಂದೆಯೇ ಹಾಲಮ್ಮನ ಗಂಟಲು: “ಏ ಕೊಟ್ರ, ಬಿಟ್ಟಿ ಕೂಳು ತಿಂದು ಬೋರ್ಡ್ ಬರಿಯೋ ಬದ್ಲು ಕವನ ಬರ್ಕೊಂತ ಕುಂತೀಯೇನೋ! ನಿನ್ ಮಾರಿಗಿಷ್ಟು ಬೂದಿ ಹಾಕ!” ಪೊಟ್ಟಣದಲ್ಲಿ ಬಿಸಿ ಮಂಡಕ್ಕಿ, ಉಪ್ಪಿಲ್ಲದ್ದು. ಡಾಕ್ಟರು ನೀಲಗಂಗಳಿಗೆ ಉಪ್ಪು ಬೇಡ ಎಂದಿದ್ದರು. “ಹೋಗೇ ಭಟ್ಟಿಮೂತಿ, ಕೂಲಿ ಕೊಡದ ಕುರೂಪಿ!” ಎಂದು ನಾನು ಕೂಗುತ್ತಿದ್ದೆ. ನೀಲಗಂಗ ಒಳಗೆ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಆ ನಗುವಿಗೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಕವಾಟ ಬದಲಿಸುವ ದಿನ ಗೊತ್ತಾಯಿತು. ಕಾಯ್ಮಾಸ ಹಿಡಿಯುವ ಮುಂಚೆ ಆಗದಿದ್ದರೆ ಅವಳು ಯುಗಾದಿ ಕಾಣುವುದಿಲ್ಲ ಎಂದು ಡಾಕ್ಟರು ಮರೆಮಾಚದೆ ಹೇಳಿದರು. ದೊಡ್ಡ ಆಪರೇಷನ್‌ಗೆ ಮುನ್ನ ಮುನಿಸು ತಪಾಸಣೆ ಕಡ್ಡಾಯ. ಫಣಿರಾಜ ಎಂಬ ಮುನಿಸುಗಾರ ಬಂದ. ಹಾಲಮ್ಮ ಅಂಗಳದಲ್ಲಿ ನಿಂತು ನನ್ನ ಏಳು ತಲೆಮಾರನ್ನು ಜಾಲಾಡುತ್ತಿದ್ದಳು, ಪೆಟ್ಟಿಗೆಯ ಮುಳ್ಳು ಕೆಂಪಿನಲ್ಲಿ ಕುಣಿಯುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ನೀಲಗಂಗ ಕಣ್ಣು ಕತ್ತಲಿಟ್ಟು ಕುಸಿದಳು. ನನಗಿಂತ ಮೊದಲು ಓಡಿದವಳು ಹಾಲಮ್ಮ. “ನನ್ ಕಂದ, ನನ್ನವ್ವ, ಉಸ್ರು ತಗಳೇ” ಎನ್ನುತ್ತ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎದೆ ನೀವಿದಳು. ಫಣಿರಾಜ ನೀರಿನ ಚೊಂಬನ್ನು ತಾನೇ ತಂದುಕೊಟ್ಟ. ಕೆಟ್ಟವನಲ್ಲ. ಆಮೇಲೆ ಪೆಟ್ಟಿಗೆಯನ್ನು ನೋಡಿ, “ಏನ್ ಮಾಡ್ಲವ್ವಾ, ಅಕ್ಕರೆ ಕಂಡುಬಂದೈತೆ” ಎಂದು ಹೊರಟುಹೋದ. ವಿಮೆ ನಿಂತಿತು.

ಮೇಲ್ಮನವಿಗೆ ಒಂದೇ ಅವಕಾಶ. ಕಂಪನಿಯ ಕಚೇರಿಯಲ್ಲಿ ತೀರ್ಪುಗಾರ್ತಿಯ ಮುಂದೆ ನಮ್ಮ ಹಗೆ ಅಸಲಿಯೆಂದು ತೋರಿಸಬೇಕು. ನಾನು ಬೈದೆ. ಹಾಲಮ್ಮ ಬೈದಳು. ತೀರ್ಪುಗಾರ್ತಿ ಆಕಳಿಸಿದಳು. “ಪ್ರಾಸ ಕೂಡ್ಸಿ ಬೈತಿದೀರಲ್ರೀ, ಮನೇಲಿ ಕಲ್ತು ಬಂದಿದ್ದು ಅಂತ ಗೊತ್ತಾಗಲ್ವಾ?” ಎಂದಳು. ಪೆಟ್ಟಿಗೆಯ ಮುಳ್ಳು ಮಲಗಿತ್ತು. ಹಾಲಮ್ಮ ನನ್ನನ್ನು ಬಿಟ್ಟು, ಗಾಲಿಕುರ್ಚಿಯಲ್ಲಿದ್ದ ನೀಲಗಂಗಳ ಕಡೆ ತಿರುಗಿ, ಕೂಗದೆ, ತಣ್ಣಗೆ ಹೇಳಿದಳು: “ಹೆತ್ತ ಮಗೀನ್ನೇ ಉಳಿಸ್ಕಳಕ್ಕೆ ಆಗ್ಲಿಲ್ಲ ನಿಂಗೆ. ಹೊಸಾ ಎದೆ ಹಾಕ್ಸ್ಕಂಡು ಯಾರಿಗ್ ಹಾಲು ಕುಡಿಸ್ತೀಯೇ?”

ನಮಗೊಂದು ಹೆಣ್ಣು ಮಗುವಿತ್ತು. ಅದನ್ನು ಕಾಲ ಮೇಲೆ ಮಲಗಿಸಿಕೊಂಡು ದಿನವೂ ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ಹಾಲಮ್ಮನೇ. ಅದು ಹೋದ ದಿನ ಮಣ್ಣಿನ ತನಕ ಎತ್ತಿಕೊಂಡು ನಡೆದವಳೂ ಅವಳೇ. ನಾನು ಎದ್ದು ನಿಂತದ್ದು ನೆನಪಿದೆ, ಏನು ಕಿರುಚಿದೆನೆಂಬುದು ನೆನಪಿಲ್ಲ. ಅದರಲ್ಲಿ ಪ್ರಾಸವಿರಲಿಲ್ಲ. ನೀಲಗಂಗ ಬಾಯಿ ತೆರೆದು ಹಾಲಮ್ಮನನ್ನೇ ನೋಡುತ್ತಿದ್ದಳು. ತೀರ್ಪುಗಾರ್ತಿ ನೆಟ್ಟಗೆ ಕುಳಿತು, “ಅಸಲಿ” ಎಂದು ಮುದ್ರೆ ಒತ್ತಿದಳು.

ಆಪರೇಷನ್ ಆಯಿತು. ನೀಲಗಂಗ ಬದುಕಿದ್ದಾಳೆ, ಭಟ್ಟಿಸಾಲಿನ ತುದಿಯ ತನಕ ನಡೆದು ಬರುತ್ತಾಳೆ. ಸುತ್ತ ಸದ್ದಡಗಿದಾಗ ಹೊಸ ಕವಾಟ ಟಿಕ್ ಟಿಕ್ ಎನ್ನುವುದು ನನಗೂ ಕೇಳುತ್ತದೆ. ನಮ್ಮನ್ನು ಉಳಿಸಲೆಂದೇ ಹಾಲಮ್ಮ ಆ ಮಾತಾಡಿದಳೆಂದು ನನಗೆ ಗೊತ್ತು, ನೀಲಗಂಗಳಿಗೂ ಗೊತ್ತು. ಆದರೂ ಹಾಲಮ್ಮನ ದನಿ ಕೇಳಿದರೆ ನೀಲಗಂಗ ಎದ್ದು ಒಳಗೆ ಹೋಗುತ್ತಾಳೆ. ಅದನ್ನು ಕಂಡ ಮೇಲೆ ಹಾಲಮ್ಮ ದನಿಯೆತ್ತುವುದನ್ನೇ ಬಿಟ್ಟಳು. ಪೊಟ್ಟಣ ಬರುವುದಿಲ್ಲ. ಮೊನ್ನೆ ಫಣಿರಾಜ ಬಂದು, ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತದ್ದನ್ನು ಕಂಡು, ಬೀದಿಗೇ ಮಾದರಿ ಮನೆಗಳು ಎಂದು ಹೊಗಳಿ ಹೋದ. ಮುಂದಿನ ಐದು ವರ್ಷ ನಮಗೆ ತಪಾಸಣೆಯಿಲ್ಲ.

ಈಗ ನಿಮ್ಮ ವಿಷಯ. ನೀವು ಇನ್ನೂ ಫೋನು ಹಿಡಿದುಕೊಂಡೇ ಕುಳಿತಿದ್ದೀರಿ, ಯಾವ ಕಂಪನಿಯದು ನೂರು ರೂಪಾಯಿ ಕಮ್ಮಿ ಎಂದು ನೋಡುತ್ತ. ಗೆಳೆಯನ ಅಂಗಡಿಯ ನೌಕರನಾಗಲು ಹೊರಟಿದ್ದೀರಿ. ಅದರ ಬದಲು ಕಾರ್ಡಿಲ್ಲದ ಆ ಪಕ್ಕದ ಮನೆಯವನನ್ನೂ, ಅವನ ಪಕ್ಕದವನನ್ನೂ ಎಬ್ಬಿಸಿಕೊಂಡು ಹೋಗಿ ಕೌಂಟರಿನ ಮುಂದೆ ನಿಲ್ಲಿ. ದಣಿಯಿಲ್ಲದವನ ಮೈಗೆ ಬೇರೆ ದರ ಯಾಕೆಂದು ಕೇಳಿ. ನಿಮ್ಮ ಕಾಲದಲ್ಲಿ ಕೇಳಿದರೆ ಯಾರೂ ಪೆಟ್ಟಿಗೆ ಹಿಡಿದು ಅಳೆಯುವುದಿಲ್ಲ. ನೀವು ಕೇಳಲಿಲ್ಲ ಎಂಬುದು ನನಗೆ ಇಲ್ಲಿ ಕುಳಿತೇ ಗೊತ್ತು. ಆದರೂ ಬರೆದಿದ್ದೇನೆ.

ನಮ್ಮ ಕಾಲದ ಬೈಗುಳದೊಳಗೆ ಅಕ್ಕರೆಯನ್ನು ಅಡಗಿಸಿಡುವುದು ವಾಡಿಕೆ ಎಂದು ಈಗ ನಿಮಗೆ ತಿಳಿಯಿತಲ್ಲ, ಈ ಪತ್ರದಲ್ಲಿ ಅದನ್ನು ಹುಡುಕಬೇಡಿ. ಇಲ್ಲ.

ಬೋರ್ಡು ಬರೆಯುವ ಕೊಟ್ರಪ್ಪ